ಕೆಂಪು ಬೂಸಾ ಬಂದ ವರ್ಷ

ನಮ್ಮ ಕಡೆ ಯಾರನ್ನಾದ್ರೂ ಹಿಡಿದು ವಯಸ್ಸೆಷ್ಟು ಅಂತ ಕೇಳಿ ನೋಡಿ. ಮೊದಲು ಆಕಾಶ ನೋಡ್ತಾರೆ, ಆಮೇಲೆ ಕುರಿ ನೋಡ್ತಾರೆ, ಕೊನೆಗೆ ನಿಮ್ಮ ಮುಖ ನೋಡಿ "ನಿಮಗೆಷ್ಟು ಬೇಕು?" ಅಂತಾರೆ. ಕಾಗದದಲ್ಲಿರೋದನ್ನ ಯಾರೂ ನಂಬಲ್ಲ, ಕಾಗದ ಬರೆಸಿದವರು ಮೊದಲೇ ನಂಬಲ್ಲ. ಕಾಗದದ ಪ್ರಕಾರ ನಮ್ಮೂರಲ್ಲಿ ಅರ್ಧಕ್ಕರ್ಧ ಜನ ಜನವರಿ ಒಂದನೇ ತಾರೀಕು ಹುಟ್ಟಿದವರು. ಅವತ್ತೊಂದು ದಿನ ಸೂಲಗಿತ್ತಿ ಕುದುರೆ ಹತ್ತಿ ಓಡಾಡಿದ್ರೂ ಸಾಕಾಗ್ತಿರ್ಲಿಲ್ಲ ಪಾಪ.

ನನ್ನ ಹೆಸರು ಶ್ತೇವಿ. ಚಳಿಗಾಲದ ಮಳೇಲಿ ಹುಟ್ಟಿದ ಅಂತ ಇಟ್ಟ ಹೆಸರು. ಯಾವ ಚಳಿಗಾಲ ಅಂತ ಅಪ್ಪ ಹೇಳ್ಲಿಲ್ಲ, ನಾನೂ ಕೇಳೋಕೆ ಹೋಗ್ಲಿಲ್ಲ. ನಾನು ವರ್ಷಗಳನ್ನ ಗುರುತು ಹಿಡಿಯೋದು ಬೂಸಾದಿಂದ. ದಕ್ಷಿಣದ ಅಕಬಾ ಬಂದರಿಂದ ಉತ್ತರದ ಮಫ್ರಕ್ ಪೇಟೆವರೆಗೆ ಮೂವತ್ತೊಂದು ವರ್ಷ ಗೋಧಿ ಬೂಸಾದ ಲಾರಿ ಓಡಿಸಿದೀನಿ. ಹಡಗಲ್ಲಿ ಈ ದೇಶಕ್ಕೆ ಬಂದಿಳಿದ ಬೂಸಾದಲ್ಲಿ ಕುರಿ ಬಾಯಿಗೆ ಎಷ್ಟು ಹೋಯ್ತೋ, ನನ್ನ ಮೂಗಿಗೂ ಅಷ್ಟೇ ಹೋಗಿದೆ. ನನಗೂ ಲಾರಿಗೂ ಒಂದೇ ಕೆಮ್ಮು. ಕಣ್ಣು ಕಟ್ಟಿ ಒಂದು ಚಿಟಿಕೆ ಬೂಸಾ ನಾಲಿಗೆ ಮೇಲಿಟ್ರೆ ಯಾವ ದೇಶದ್ದು, ಆ ಗೋಧಿ ಬೀಸಿದವನಿಗೆ ಎಷ್ಟು ಮಕ್ಕಳು ಅಂತ ಹೇಳ್ತಿದ್ದೆ. ರುಮೇನಿಯಾ ಬೂಸಾ ಬಂದ ಬೇಸಿಗೇಲಿ ನನ್ನ ದೊಡ್ಡ ಮಗ ಹಾಯಿಲ್ ಹುಟ್ಟಿದ. ಉಂಡೆ ಕಟ್ಟಿದ ಬೂಸಾ ಬರೋಕೆ ಶುರುವಾದ ವರ್ಷ ನನ್ನ ಹೆಂಡತಿ ಶಮ್ಮಾ ತೀರಿಕೊಂಡ್ಳು. ಹೀಗೆ.

ಇನ್ನು ಹಳ್ಳಕ್ಕೆ ನೆರೆ ಬಂದ ನನ್ನ ಕಥೆ. ಅದನ್ನ ಕೇಳದೆ ನಮ್ಮೂರಲ್ಲಿ ಯಾರೂ ಮೀಸೆ ಬಿಟ್ಟಿಲ್ಲ. ಲಾರಿ ತುಂಬ ಕೆಂಪು ಬೂಸಾ ಹೇರ್ಕೊಂಡು ಬರ್ತಿದ್ದೆ. ಹಳ್ಳ ದಾಟೋ ಹೊತ್ತಿಗೆ ಎಲ್ಲಿತ್ತೋ ನೀರು, ಗೋಡೆ ಎದ್ದ ಹಾಗೆ ಬಂತು. ಬೂಸಾ ನೀರು ಕುಡೀತು. ಕುಡಿದು ಊದಿತು. ಊದಿ ಊದಿ ಲಾರಿ ಗುಡ್ಡದಷ್ಟಾಯ್ತು, ಹಳ್ಳಕ್ಕೆ ಹಳ್ಳವೇ ಕೆಂಪು ಗಂಜಿ. ನಾನು ಲಾರಿ ತಲೆ ಮೇಲೆ ಕೂತು ಸಿಗರೇಟು ಸೇದ್ತಾ, ಚಕ್ರ ಒಂದು ಸುತ್ತೂ ತಿರುಗಿಸದೆ, ತೇಲ್ಕೊಂಡೇ ಮಫ್ರಕ್ ಮಂಡಿ ಬಾಗಿಲಿಗೆ ಬಂದೆ. ಮೂರು ದಿನ ಸುತ್ತಲ ಕುರಿಗಳೆಲ್ಲ ಹಳ್ಳಕ್ಕೆ ಬಾಯಿ ಹಾಕಿ ನಿಂತಿದ್ವು. ಸಿರಿಯಾ ಕಡೆ ಒಂಟೆಗಳು ವಾಸನೆ ಹಿಡಿದು ಗಡಿ ದಾಟಿದ್ವು, ಸೈನಿಕರು ತಡೆದ್ರೆ ಮುಖಕ್ಕೆ ಗಂಜಿ ಉಗಿದ್ವು.

ನೆರೆ ಬಂದಿದ್ದು ನಿಜ. ಲಾರಿ ಸಿಕ್ಕಿಹಾಕ್ಕೊಂಡಿದ್ದೂ ನಿಜ. ಮಿಕ್ಕಿದ್ದು ನಿಮ್ಮ ಇಷ್ಟ.

ನಾನೀಗ ಹೇಳ್ತಿರೋದು ನನ್ನ ಮಗಳು ವಸ್ಮಿಯಾ ಮದುವೆ ವಿಷಯ. ಹುಡುಗ ಜದಾನ್, ನೀರಿನ ಟ್ಯಾಂಕರ್ ಓಡಿಸ್ತಾನೆ, ನಮ್ಮ ಮನೆಯಿಂದ ಮೂರನೇ ಮನೆ. ಒಳ್ಳೆ ಹುಡುಗ. ಮದುವೆಗೆ ಮೊದಲು ಮನೆ ಆಗಬೇಕು ಅಂತ ಒಂದು ಕೋಣೆ ಕಟ್ಟೋದು, ದುಡ್ಡು ಮುಗಿಯೋದು, ಮತ್ತೆ ದುಡಿಯೋದು, ಹೀಗೇ ನಾಲ್ಕು ವರ್ಷ ಕಳೀತು. ವಸ್ಮಿಯಾಗೆ ಇಪ್ಪತ್ತೇಳು. ಊರ ಹೆಂಗಸರು ಅವಳ ಕಡೆ ನೋಡಿ ನಿಟ್ಟುಸಿರು ಬಿಡೋಕೆ ಶುರು ಮಾಡಿದ್ರು. ಅವಳು ಮಾತ್ರ "ಆ ಮನೆ ಬಾಗಿಲಿಗೆ ನೀಲಿ ಬಣ್ಣವೇ ಹೊಡೀಬೇಕು" ಅಂತ ಒಂದೇ ಹಟ ಹಿಡಿದು ಕಾಯ್ತಿದ್ಳು. ನೀಲಿ ಬಣ್ಣಾನೂ ಆಯ್ತು. ಶುಕ್ರವಾರ ನಿಕಾಹ್ ಅಂತ ನಿಶ್ಚಯ ಆಯ್ತು.

ಭಾನುವಾರ ಮನೆ ತುಂಬ ಹೆಂಗಸರು. ಮದುವೆ ಊಟದ ಮಾಂಸದಡುಗೆ ಮನ್ಸಫ್‌ಗೆ ಒಣಮೊಸರಿನ ಉಂಡೆ ನೆನೆಹಾಕಿ ತಿಕ್ತಾ ಕೂತಿದ್ರು. ನಾನು ಕುರಿಗಳಿಗೆ ಮೇವು ಹಾಕಿ ಒಳಗೆ ಬಂದೆ, ಸೊಂಟ ಹಿಡ್ಕೊಂಡಿತ್ತು. ಮೂಲೇಲಿ ಹಮ್ದಾ ಅಜ್ಜಿ. ತೊಂಬತ್ತೋ ನೂರೋ, ಬಾಯಲ್ಲಿ ಹಲ್ಲಿಲ್ಲ, ತಲೆ ತುಂಬ ನೆನಪು. ಅಜ್ಜಿ ಚಹಾ ಹೀರಿ ಸಂತೋಷಕ್ಕೆ ಒಂದು ಮಾತು ಅಂದ್ರು.

"ಶಮ್ಮಾ ಇರಬೇಕಿತ್ತು ಕಣ್ರೇ. ತಾನೇ ಎದೆಹಾಲು ಕೊಟ್ಟ ಹುಡುಗ ತನ್ನ ಮಗಳ ಗಂಡ ಆಗ್ತಿದಾನೆ ಅಂತ ಎಷ್ಟು ಹಿಗ್ತಿದ್ಳೋ."

ತಿಕ್ತಿದ್ದ ಕೈಗಳೆಲ್ಲ ನಿಂತ್ವು.

"ಏನಂದ್ರಿ ಅಜ್ಜಿ?" ವಸ್ಮಿಯಾ ಕೇಳಿದ್ಳು.

"ಜದಾನ್ ಕಣೇ. ಅವರಮ್ಮ ಫಿಲ್ವಾ ಆಸ್ಪತ್ರೇಲಿದ್ದಾಗ ನಿಮ್ಮಮ್ಮನೇ ಅಲ್ವಾ ಅವನಿಗೆ ಕುಡಿಸಿದ್ದು. ಎಂಟು ಹತ್ತು ದಿನ. ಒಂದು ಕಡೆ ನಿನ್ನಣ್ಣ ಹಾಯಿಲ್, ಇನ್ನೊಂದು ಕಡೆ ಅವನು. ಕೆಂಪು ಬೂಸಾ ಬಂದಾಗ. ಕೂಸಿನ ಕೆನ್ನೆ ತುಂಬ ಕೆಂಪು ಧೂಳು, ನಾನೇ ಒರೆಸಿದೀನಿ..."

ಅಷ್ಟು ಹೊತ್ತಿಗೆ ಅಜ್ಜಿಗೆ ತಾನೇನು ಅಂದೆ ಅಂತ ಗೊತ್ತಾಯ್ತು. ಚಹಾ ಲೋಟ ಕೆಳಗಿಟ್ಟು ಬಾಯಿ ಮುಚ್ಕೊಂಡ್ರು.

ನಮ್ಮಲ್ಲಿ ಒಂದೇ ಎದೆಹಾಲು ಕುಡಿದವರು ಒಂದೇ ಹೊಟ್ಟೇಲಿ ಹುಟ್ಟಿದ ಹಾಗೆ. ಜದಾನ್ ಶಮ್ಮಾಳ ಹಾಲು ಕುಡಿದಿದ್ರೆ ಅವಳ ಮಕ್ಕಳಿಗೆಲ್ಲ ಅವನು ಅಣ್ಣ, ಆಮೇಲೆ ಹುಟ್ಟಿದ ವಸ್ಮಿಯಾಗೂ ಅಣ್ಣ. ಮದುವೆ ಅನ್ನೋ ಮಾತೇ ಇಲ್ಲ. ಆದ್ರೆ ಒಂದಿದೆ. ಕೂಸಿಗೆ ಎರಡು ವರ್ಷ ತುಂಬೋದ್ರೊಳಗೆ ಕುಡಿದಿರಬೇಕು. ಎರಡು ದಾಟಿದ ಮೇಲೆ ಕುಡಿದ್ರೆ ಅದು ಬರೀ ಹಾಲು.

ಸಂಜೆ ನಮ್ಮ ಮನೆ ಹೊರ ಕೋಣೇಲಿ ಎಲ್ಲರೂ ಸೇರಿದ್ರು. ಇಮಾಮ್ ಮಿಸ್ಫರ್ ಬಂದ್ರು, ಜದಾನ್ ಬಂದ, ಅವನ ತಾಯಿ ಫಿಲ್ವಾ ಬಂದ್ಳು. ಹಮ್ದಾ ಅಜ್ಜಿನ ಇಬ್ಬರು ಎತ್ಕೊಂಡು ಬಂದು ಕೂರಿಸಿದ್ರು. ವಸ್ಮಿಯಾ ಒಳ ಬಾಗಿಲ ಹಿಂದೆ ನಿಂತಿದ್ಳು, ಅವಳ ಪಾದ ಕಾಣ್ತಿತ್ತು.

"ಹುಡುಗ ಹುಟ್ಟಿದ್ದು ಯಾವಾಗ?" ಇಮಾಮ್ ಕೇಳಿದ್ರು. "ಕಾಗದದಲ್ಲೇನಿದೆ?"

ಫಿಲ್ವಾ ಕೈ ಬೀಸಿದ್ಳು. "ಕಾಗದ ಬಿಡಿ ಇಮಾಮರೇ. ಅವರಪ್ಪ ಇವನನ್ನೂ ಇವನ ತಮ್ಮನನ್ನೂ ಒಂದೇ ದಿನ ಕರ್ಕೊಂಡು ಹೋಗಿ ಅವಳಿ ಅಂತ ಬರೆಸಿಬಿಟ್ರು, ಎರಡು ಸಲ ಯಾರು ಓಡಾಡ್ತಾರೆ ಅಂತ. ಇವನು ಹುಟ್ಟಿದ್ದು ದೊಡ್ಡ ಹಿಮ ಬಿದ್ದ ದಿನ. ಹಿಮದ ಭಾರಕ್ಕೆ ಗುಡಾರ ಕುಸಿದು ನನ್ನ ಮೇಲೇ ಬಿತ್ತು. ಅದನ್ನ ಮರೀತೀನಾ?"

ದೊಡ್ಡ ಹಿಮ ಎಲ್ಲರಿಗೂ ಗೊತ್ತು. ಹುಟ್ಟಿದ ದಿನ ಗಟ್ಟಿಯಾಯ್ತು.

"ನೀನು ಆಸ್ಪತ್ರೇಲಿದ್ದಿದ್ದು?"

"ಆ ಎರಡು ಮೂರು ವರ್ಷದಲ್ಲಿ ಮೂರು ಸಲ ಸೇರಿದೆ. ಪ್ರತಿ ಸಲವೂ ಸತ್ತೆ ಅಂತಲೇ ಕರ್ಕೊಂಡು ಹೋದ್ರು. ಮಗು ಯಾವ ಸಲ ಯಾರ ಮಡಿಲಲ್ಲಿತ್ತು ಅಂತ ನನಗೇನು ಗೊತ್ತು? ಕುರಿ ಹಾಲು ಕುಡಿಸಿದ್ವಿ ಅಂತಲೇ ಎಲ್ಲ ಹೇಳಿದ್ರು."

"ಹಾಗಾದ್ರೆ ಉಳಿದಿದ್ದು ಕೆಂಪು ಬೂಸಾ," ಅಂದ್ರು ಇಮಾಮ್. "ನಾನು ಕುರಾನ್ ಓದಿದೀನಿ, ಬೂಸಾ ಓದಿಲ್ಲ. ಕೆಂಪು ಬೂಸಾ ಬಂದಿದ್ದು ಯಾವಾಗ?"

ಕೋಣೇಲಿದ್ದವರೆಲ್ಲ ಒಂದೇ ಸಲ ನನ್ನ ಕಡೆ ತಿರುಗಿದ್ರು. ಅದಕ್ಕೂ ಮೊದಲೇ ಜದಾನ್ ಮುಖ ಅರಳಿತು.

"ನೆರೆ! ಇಮಾಮರೇ, ಅದು ನೆರೆ ಬಂದ ವರ್ಷ! ಮಾಮ ಸಾವಿರ ಸಲ ಹೇಳಿದಾರಲ್ಲ, ಕೆಂಪು ಗಂಜಿ, ಒಂಟೆ!"

"ಹೌದು ಹೌದು, ಸೈನಿಕರ ಮುಖಕ್ಕೆ ಉಗಿದಿದ್ದು!" ಫಿಲ್ವಾ ಕೂತಲ್ಲೇ ಕುಣಿದ್ಳು. "ನೆರೆ ಬಂದಾಗ ಇವನು ಓಡಾಡ್ತಿದ್ದ, ಎರಡು ದಾಟಿ ಎರಡು ತಿಂಗಳಾಗಿತ್ತು. ದೇವರು ದೊಡ್ಡವನು!"

ಬಾಗಿಲ ಹಿಂದಿನ ಪಾದ ಒಂದು ಹೆಜ್ಜೆ ಮುಂದೆ ಬಂತು. ಜನ ನಗೋಕೆ ಶುರು ಮಾಡಿದ್ರು. ಯಾರೋ ನನ್ನ ಬೆನ್ನು ತಟ್ಟಿದ್ರು. "ನೋಡಪ್ಪ, ಶ್ತೇವಿ ಸುಳ್ಳೂ ಒಂದಿನ ಉಪಯೋಗಕ್ಕೆ ಬಂತು."

ನಾನೂ ನಕ್ಕೆ. ನಗದೆ ಇರೋಕೆ ನನಗೆ ಬರಲ್ಲ, ಸತ್ತವರ ಮನೇಲೂ ಹಲ್ಲು ಕಾಣುತ್ತೆ. ಆದ್ರೆ ನಗು ಹಲ್ಲಲ್ಲೇ ಉಳೀತು. ಯಾಕಂದ್ರೆ ನೆರೇಲಿ ನನ್ನ ಲಾರೀಲಿದ್ದಿದ್ದು ಬಿಳಿ ಬೂಸಾ. ಟರ್ಕಿದು. ಬಿಳಿ ಗಂಜಿ ಅಂದ್ರೆ ಕೇಳೋರಿಗೆ ಏನು ರುಚಿ? ಎರಡನೇ ಸಲ ಕಥೆ ಹೇಳುವಾಗ ಕೆಂಪು ಅಂದೆ, ಜನ ಬಾಯಿ ಬಿಟ್ಟು ಕೇಳಿದ್ರು. ಅವತ್ತಿಂದ ಅದು ಕೆಂಪೇ.

ಕೆಂಪು ಬೂಸಾ ನಿಜವಾಗಿ ಬಂದಿದ್ದು ಅದಕ್ಕೆ ಐದು ತಿಂಗಳು ಮೊದಲು, ಆಲಿವ್ ಕೊಯ್ಲಲ್ಲಿ. ಒಂದೇ ಹಡಗು, ಅರ್ಜೆಂಟೀನಾದಿಂದ. ಮತ್ತೆ ಯಾವತ್ತೂ ಬರಲಿಲ್ಲ. ಅದು ನನಗೆ ಹೇಗೆ ಗೊತ್ತು ಅಂದ್ರೆ, ಆ ಮೊದಲ ಲೋಡು ಇಳಿಸಿ ಮನೆಗೆ ಬಂದಾಗ ತಲೆಯಿಂದ ಕಾಲಿನವರೆಗೆ ಕೆಂಪು ಧೂಳು ನಾನು. ಬಾಗಿಲು ತೆಗೆದೆ. ಶಮ್ಮಾ ಎರಡು ಕೂಸುಗಳನ್ನ ಎರಡು ಕಡೆ ಹಾಕ್ಕೊಂಡು ಕೂತಿದ್ಳು. ರಕ್ತ ಅಂತ ಕಿರುಚಿಬಿಟ್ಳು. ನಾನು ನಗ್ತಾ ಆಚೆ ಹೋದೆ. ಒಂದು ಹಾಯಿಲ್, ಐದು ತಿಂಗಳವನು. ಇನ್ನೊಂದು ಯಾರ ಕೂಸು ಅಂತ ನಾನು ಕೇಳ್ಲಿಲ್ಲ. ನಮ್ಮ ಮನೇಲಿ ಯಾವಾಗಲೂ ಯಾರದ್ದಾದ್ರೂ ಒಂದು ಕೂಸು ಇರೋದು, ಅಂಥದ್ದನ್ನೆಲ್ಲ ಗಂಡಸರು ಕೇಳೋ ರೂಢಿಯೂ ಇರ್ಲಿಲ್ಲ. ಹಮ್ದಾ ಅಜ್ಜಿ ಬಾಯಿ ಬಿಟ್ಟ ಮೇಲೇ ನನಗೆ ಗೊತ್ತಾಗಿದ್ದು.

ಆಲಿವ್ ಕೊಯ್ಲಲ್ಲಿ ಜದಾನ್‌ಗೆ ಎರಡು ವರ್ಷ ತುಂಬಿರ್ಲಿಲ್ಲ. ಇಪ್ಪತ್ತೊಂದು ತಿಂಗಳು.

ಇಮಾಮ್ ನನ್ನನ್ನೇ ನೋಡ್ತಿದ್ರು. "ಶ್ತೇವಿ, ನೀನೇನಂತೀಯ?"

"ನಾನು..." ಕೆಮ್ಮು ಬಂತು. ನಿಜವಾಗ್ಲೂ ಬಂತು. "ತುಂಬ ವರ್ಷ ಆಯ್ತಲ್ಲ ಇಮಾಮರೇ."

"ನಿನ್ನ ಕಥೆ ಮೇಲೆ ನಿಕಾಹ್ ಓದಿಸೋಕೆ ನನಗೆ ಧೈರ್ಯ ಇಲ್ಲ ಕಣಪ್ಪ, ಬೇಜಾರು ಮಾಡ್ಕೋಬೇಡ. ಮಫ್ರಕ್‌ನಲ್ಲಿ ಮೇವಿನ ವ್ಯಾಪಾರಿಗಳ ಕಚೇರಿ ಇದೆಯಲ್ಲ, ಯಾವ ವರ್ಷ ಯಾವ ದೇಶದಿಂದ ಎಷ್ಟು ಬೂಸಾ ಬಂತು ಅಂತ ಪಟ್ಟಿ ಇಟ್ಟಿರ್ತಾರೆ. ನೋಡ್ಕೊಂಡು ಬಾ. ಕೆಂಪು ಯಾವ ದೇಶದ್ದು ಅಂತ ನಿನಗೆ ಗೊತ್ತಿರುತ್ತೆ. ಬಂದು ನನ್ನ ಮುಂದೆ ಹೇಳು, ಅಷ್ಟು ಸಾಕು."

ಮಾರನೇ ಬೆಳಗ್ಗೆ ಜದಾನ್ ತನ್ನ ಟ್ಯಾಂಕರಲ್ಲೇ ನನ್ನನ್ನ ಕರ್ಕೊಂಡು ಹೋದ. ದಾರೀಲಿ ಪೂರ್ತಿ ಅವನೇ ಮಾತು. ಅಡುಗೆಮನೇಲಿ ನಲ್ಲಿ ಎಲ್ಲಿ, ವಸ್ಮಿಯಾಗೆ ಕೋಳಿ ಸಾಕೋ ಆಸೆ, ಕೋಳಿ ಗೂಡು ಎಲ್ಲಿ. ನಾನು ಹೂಂ ಹೂಂ ಅಂತಿದ್ದೆ. ಸೀಟು ನನ್ನ ಲಾರಿ ಸೀಟಿಗಿಂತ ಮೆತ್ತಗಿತ್ತು, ಆದ್ರೂ ಬೆನ್ನು ನೋಯ್ತಿತ್ತು. ಎಲ್ಲಿ ಕೂತ್ರೂ ನೋಯುತ್ತೆ ಈಗ.

ಕಚೇರಿ ಎರಡನೇ ಮಹಡಿ. ಮೆಟ್ಟಿಲು ಹತ್ತೋಕೆ ಎಷ್ಟು ಹೊತ್ತು ಹಿಡೀತು ಅಂದ್ರೆ ಕೆಳಗೆ ಶುರು ಮಾಡಿದಾಗ ಕಪ್ಪಿದ್ದ ಮೀಸೆ ಮೇಲೆ ಹೋಗೋ ಹೊತ್ತಿಗೆ ಬೆಳ್ಳಗಾಗಿತ್ತು. ಗುಮಾಸ್ತ ನಿದಾಲ್ ಗುರುತು ಹಿಡಿದ.

"ಓಹೋ, ತೇಲೋ ಲಾರಿ! ಬನ್ನಿ ಚಿಕ್ಕಪ್ಪ. ಮಗಳ ಮದುವೆ ಅಂತೆ?"

"ಅದಕ್ಕೇ ಬಂದಿದೀವಿ," ಅಂದ ಜದಾನ್. "ಹಳೇ ಪಟ್ಟಿ ಬೇಕಿತ್ತು."

ನಿದಾಲ್ ಬೀರು ತೆಗೆದು ಮಡಚಿದ ದೊಡ್ಡ ಹಾಳೆ ಹರಡಿದ. ಅಡ್ಡಕ್ಕೆ ವರ್ಷ, ಉದ್ದಕ್ಕೆ ದೇಶ. ನನಗೆ ಓದೋಕೆ ಬರಲ್ಲ, ಸೊನ್ನೆ ಮಾತ್ರ ಗೊತ್ತು. ಅವನು ಬೆರಳಿಟ್ಟು ಓದ್ತಾ ಹೋದ. ಈ ವರ್ಷ ಇಷ್ಟು ಸಾವಿರ ಟನ್, ಮಾರನೇ ವರ್ಷ ಇಷ್ಟು. ಅವನು ಓದ್ತಿದ್ರೆ ನನಗೆ ನನ್ನ ಸೊಂಟವನ್ನೇ ಯಾರೋ ಓದಿದ ಹಾಗಾಯ್ತು. ಮೊದಮೊದಲು ಸಣ್ಣ ಸಣ್ಣ ಸಂಖ್ಯೆ. ಆಗ ಬಯಲಲ್ಲಿ ಹುಲ್ಲಿತ್ತು, ಬೂಸಾ ಅಂದ್ರೆ ಕುರಿಗೆ ಹಬ್ಬದೂಟ. ಆಮೇಲೆ ಸಂಖ್ಯೆ ಏರಿತು, ಮತ್ತೆ ಏರಿತು. ಒಂದು ವರ್ಷ ಧಡಕ್ಕಂತ ಬಿತ್ತು. ಅದು ಹಡಗುಗಳೇ ಬಾರದ ವರ್ಷ, ಕುರಿಗಳಿಗೆ ರಟ್ಟಿನ ಡಬ್ಬ ಹಾಕಿದ್ವಿ, ನನ್ನದೊಂದು ಟಗರು ಹಳೇ ಪೇಪರ್ ತಿಂದು ತಿಂದು ಹವಾಮಾನ ಹೇಳೋಕೆ ಕಲಿತಿತ್ತು. ಮತ್ತೆ ಏರಿತು. ಆ ಹಾಳೇಲಿ ಎಲ್ಲ ದೇಶಕ್ಕೂ ಒಂದೊಂದು ಸಾಲಿತ್ತು, ನಮ್ಮ ಹುಲ್ಲಿಗೆ ಮಾತ್ರ ಸಾಲಿರ್ಲಿಲ್ಲ.

"ನಿಮಗೆ ಬೇಕಿರೋದು ಹಿಮದ ಆಚೀಚೆ ವರ್ಷ ಅಲ್ವಾ?" ನಿದಾಲ್ ಬೆರಳು ವಾಪಸ್ ತಂದ. "ಹಿಮ ಬಿದ್ದ ವರ್ಷ ಸುಡಾನ್. ಅದರ ಮಾರನೇ ವರ್ಷ ರುಮೇನಿಯಾ, ಆಮೇಲೆ ಅರ್ಜೆಂಟೀನಾದಿಂದ ಒಂದು ಹಡಗು. ನೆರೆ ಬಂದ ವರ್ಷ... ಟರ್ಕಿ ಒಂದೇ. ಬೇರೆಯದಕ್ಕೆಲ್ಲ ಸೊನ್ನೆ."

ಆ ಸೊನ್ನೆ ನಾನೇ ನೋಡಿದೆ. ಅರ್ಜೆಂಟೀನಾ ಸಾಲಲ್ಲಿ ಒಂದು ಸಂಖ್ಯೆ, ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ, ಹಾಳೆ ಅಂಚಿನವರೆಗೂ.

"ಹಾಗಾದ್ರೆ ನಿಮ್ಮ ಕೆಂಪು ಬೂಸಾ ಟರ್ಕಿದೇ ಇರಬೇಕು," ಅಂದ ನಿದಾಲ್.

ಜದಾನ್ ನನ್ನ ತೋಳು ಹಿಡ್ಕೊಂಡ. "ಹೌದಾ ಮಾಮ? ಟರ್ಕಿದಾ?"

ಮೂವತ್ತೊಂದು ವರ್ಷ ಸುಳ್ಳು ಹೇಳಿದೀನಿ, ಒಂದಕ್ಕೂ ಇಷ್ಟು ಕಷ್ಟ ಪಟ್ಟಿರ್ಲಿಲ್ಲ.

"ಹೂಂ," ಅಂದೆ.

ಜದಾನ್ ನಿದಾಲ್‌ನ ಎರಡು ಕೆನ್ನೆಗೂ ಮುತ್ತಿಟ್ಟ. ಕೆಳಗೆ ಇಳಿದವನೇ ಸಿಹಿ ಅಂಗಡಿಗೆ ಹೋಗಿ ಬಿಸಿ ಕುನಾಫಾ ಕಟ್ಟಿಸ್ಕೊಂಡು ಬಂದ, ಪಾಕ ಸೋರೋ ಪೊಟ್ಟಣ. ಅದನ್ನ ನನ್ನ ಮಡಿಲಲ್ಲಿಟ್ಟು ಗಾಡಿ ಹತ್ತಿದ. ಊರ ಕಡೆ ಹೊರಟ್ವಿ. ಸ್ವಲ್ಪ ದೂರ ಸಿಳ್ಳೆ ಹಾಕಿದ. ಆಮೇಲೆ ಕೇಳಿದ:

"ಮಾಮ, ಕಥೆ ಹೇಳಿ. ನೆರೆದು. ಇವತ್ತು ಅದನ್ನ ಕೇಳಲೇಬೇಕು."

"ಸುಸ್ತಾಗಿದೆ ಕಣೋ."

"ಹೇಳಿ ಮಾಮ. ಹಳ್ಳ ದಾಟೋ ಹೊತ್ತಿಗೆ ಎಲ್ಲಿತ್ತೋ ನೀರು..."

ಶುರು ಮಾಡಿದೆ. ನಾಲಿಗೆಗೆ ಬಾಯಿಪಾಠ ಅದು, ತಲೆ ಬೇಕಾಗಿಲ್ಲ. ನೀರು ಬಂತು, ಗೋಡೆ ಎದ್ದ ಹಾಗೆ ಬಂತು, ಬೂಸಾ ನೀರು ಕುಡೀತು, ಊದಿತು, ಹಳ್ಳಕ್ಕೆ ಹಳ್ಳವೇ... ಅಷ್ಟಕ್ಕೆ ನಿಂತೆ. ಕೆಂಪು ಅನ್ನೋ ಮಾತು ಬಾಯಿಂದ ಬರ್ಲಿಲ್ಲ. ಎರಡು ಸಲ ಬಾಯಿ ತೆಗೆದೆ. ಎರಡು ಸಲವೂ ಶಮ್ಮಾ ಕಿರುಚಿದ್ದು ಕೇಳಿಸ್ತು.

"ಏನಾಯ್ತು ಮಾಮ?"

"ಬಿಳೀದು ಕಣಪ್ಪ," ಅಂದೆ. "ಗಂಜಿ ಬಿಳೀದು. ಗಾಡಿ ನಿಲ್ಲಿಸು."

ಅವನು ನಿಲ್ಲಿಸಿದ. ಟ್ಯಾಂಕರ್ ಒಳಗೆ ನೀರು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಹೊಡಕೊಂಡು ಸುಮ್ಮನಾಯ್ತು. ನಾನು ಎಲ್ಲ ಹೇಳಿದೆ. ಅರ್ಜೆಂಟೀನಾ ಹಡಗು, ಆಲಿವ್ ಕೊಯ್ಲು, ನನ್ನ ಮೈ ಮೇಲಿನ ಧೂಳು, ಎರಡು ಕೂಸು. ಒಂದಕ್ಕೂ ಬಣ್ಣ ಹಚ್ಚದೆ ಹೇಳಿದೆ. ಹಾಗೆ ಹೇಳಿದ್ರೆ ಮಾತು ಎಷ್ಟು ಬೇಗ ಮುಗಿಯುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ.

ಜದಾನ್ ಸ್ಟೇರಿಂಗ್ ಮೇಲೆ ಕೈ ಇಟ್ಕೊಂಡೇ ಕೂತಿದ್ದ. ಕುರಿಮಂದೆ ಒಂದು ರಸ್ತೆ ದಾಟಿ ಹೋಯ್ತು. ಕುರಿ ಕಾಯೋನು ನಮಗೆ ಸಲಾಂ ಹೇಳಿದ, ಇಬ್ಬರೂ ವಾಪಸ್ ಹೇಳ್ಲಿಲ್ಲ.

"ಅಜ್ಜಿ ತಪ್ಪು ತಿಳ್ಕೊಂಡಿರಬಹುದು. ಬೇರೆ ಕೂಸಿರಬಹುದು."

"ಅಜ್ಜಿ ಯಾವತ್ತಾದ್ರೂ ತಪ್ಪು ಹೇಳಿದಾರಾ?"

ಅವನು ಸ್ಟೇರಿಂಗ್ ಮೇಲೆ ಒಂದು ಸಲ ಗುದ್ದಿದ. ಆಮೇಲೆ ಅಂದ, "ಕಚೇರೀಲಿ ನೀವು ಹೂಂ ಅಂದ್ರಿ."

"ಅಂದೆ."

"ಅಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು. ಯಾರಿಗೆ ಗೊತ್ತಾಗ್ತಿತ್ತು ಮಾಮ? ಯಾರಿಗೆ?"

"ಯಾರಿಗೂ ಇಲ್ಲ. ನನಗೆ, ದೇವರಿಗೆ, ಸತ್ತ ಶಮ್ಮಾಗೆ."

"ನನಗೆ ಯಾಕೆ ಹೇಳಿದ್ರಿ?" ಅವನು ನನ್ನ ಕಡೆ ತಿರುಗಿದ. "ಹೇಳದೆ ಇದ್ದಿದ್ರೆ ನಾನು ಅಣ್ಣ ಆಗ್ತಿರ್ಲಿಲ್ಲ!"

"ಆಗಿರ್ತಿದ್ದೆ ಕಣೋ. ಗೊತ್ತಿಲ್ಲದ ಅಣ್ಣ. ನಾಳೆ ನಿಮಗೆ ಮಕ್ಕಳಾಗ್ತಿದ್ವು, ನನ್ನ ಮಡಿಲಿಗೆ ತಂದು ಹಾಕ್ತಿದ್ರಿ. ಒಂದೊಂದು ಮಗು ಮುಖ ನೋಡಿದಾಗಲೂ ಆ ಹೂಂ ನಾನೊಬ್ಬನೇ ಹೊರಬೇಕಿತ್ತು. ನನ್ನ ಬೆನ್ನು ಮುಗಿದಿದೆ ಜದಾನ್. ಒಂದು ಚೀಲ ಹೆಚ್ಚಿಗೆ ಹೊರೋಕಾಗಲ್ಲ."

ಅವನು ಬಾಗಿಲು ತೆಗೆದು ಇಳಿದು ಹೋದ. ರಸ್ತೆ ಪಕ್ಕ ಕಲ್ಲಿನ ಮೇಲೆ ನನಗೆ ಬೆನ್ನು ಹಾಕಿ ಕೂತ. ಪಾಕ ಸೋರಿ ನನ್ನ ತೊಡೆ ಅಂಟಂಟಾಗಿತ್ತು. ಬಿಸಿಲು ತಲೆ ಮೇಲೆ ಬರೋವರೆಗೂ ಕಾದೆ. ಆಮೇಲೆ ಬಂದ, ಗಾಡಿ ಹತ್ತಿ ಊರ ಕಡೆ ಹೊರಟ. ನಮ್ಮ ಮನೆ ಮುಂದೆ ನಿಲ್ಲಿಸಿ, ನನ್ನ ಕಡೆ ನೋಡದೆ ಅಂದ:

"ಅವಳಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ."

ವಸ್ಮಿಯಾ ಅಂಗಳದಲ್ಲಿ ಕಂಬಳಿ ಒಗೆದು ಹಾಕ್ತಿದ್ಳು, ಹೊಸ ಮನೆಗೆ ಅಂತ. ನನ್ನ ಮುಖ ನೋಡಿದ್ಳು. ಕೈಲಿದ್ದ ಕಂಬಳಿ ನೀರು ಸುರಿಸ್ತಾನೇ ಇತ್ತು.

"ಹೇಳಪ್ಪ," ಅಂದ್ಳು.

ಹೇಳಿದೆ. ಕೇಳಿ ಮುಗಿಸಿ ಕಂಬಳಿ ಹಗ್ಗದ ಮೇಲೆ ಹಾಕಿದ್ಳು, ಅಂಚು ಎಳೆದು ಸರಿ ಮಾಡಿದ್ಳು. ಅಳ್ಲಿಲ್ಲ.

"ಅಪ್ಪಾ, ಹುಟ್ಟಿದಾಗಿಂದ ನಿನ್ನ ಬಾಯಲ್ಲಿ ಒಂದು ನಿಜ ಕೇಳಿಲ್ಲ ನಾನು. ಚಿಕ್ಕವಳಿದ್ದಾಗ ಅಮ್ಮ ಎಲ್ಲಿ ಅಂದ್ರೆ ಚಂದ್ರನ ಹತ್ರ ಹಿಟ್ಟು ತರೋಕೆ ಹೋಗಿದಾಳೆ ಅಂತಿದ್ದೆ. ನಂಬ್ತಿದ್ದೆ ನಾನು. ನಿನಗೆ ನಿಜ ಹೇಳೋಕೆ ಬದುಕಲ್ಲಿ ಇದೊಂದೇ ಸಿಕ್ಕಿತಾ?"

"ಇದೊಂದೇ ಸಿಕ್ಕಿತು ಮಗಳೇ."

"ನಾಲ್ಕು ವರ್ಷ ಕಾದೆ."

"ಗೊತ್ತು."

"ನಿನಗೇನು ಗೊತ್ತು," ಅಂದು ಒಳಗೆ ಹೋದ್ಳು. ಬಾಗಿಲು ಜೋರಾಗಿ ಹಾಕ್ಲಿಲ್ಲ, ಮೆಲ್ಲಗೆ ಹಾಕಿದ್ಳು. ಜೋರಾಗಿ ಹಾಕಿದ್ರೆ ಒಳ್ಳೆಯದಿತ್ತು.

ಇಮಾಮ್ ಮುಂದೆ ಕುರಾನ್ ಮೇಲೆ ಕೈ ಇಟ್ಟು ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದ್ರು. "ನಿನಗೇ ನಷ್ಟ ಆಗೋದನ್ನ ಹೇಳಿದ್ದಕ್ಕೇ ನಂಬ್ತೀನಿ ಶ್ತೇವಿ," ಅಂದ್ರು. "ನಿನಗೆ ಬೇಕಾದ ಹಾಗೆ ಹೇಳಿದ್ರೆ ನಂಬ್ತಿರ್ಲಿಲ್ಲ." ಹೋಗುವಾಗ ಅಂದ್ರು, "ಇನ್ನು ಅವನು ನಿನ್ನ ಮನೆ ಮಗ. ವಸ್ಮಿಯಾ ಅವನ ಮುಂದೆ ತಲೆ ಮುಚ್ಚಬೇಕಾಗಿಲ್ಲ. ಅವನು ಕರೆಯದೆ ಬರಬಹುದು, ಕೂತು ಉಣ್ಣಬಹುದು. ಹಾಲಿನ ಸಂಬಂಧ ಅಂದ್ರೆ ಅದೂ ಸೇರಿ." ಒಳ್ಳೆ ಮನಸ್ಸಿಂದಲೇ ಹೇಳಿದ್ರು. ನಾನು ಹೂಂ ಅಂದೆ. ಈ ಸಲದ ಹೂಂ ನಿಜದ್ದು, ಆದ್ರೂ ಮೊದಲಿನದಕ್ಕಿಂತ ಹಗುರ ಇರ್ಲಿಲ್ಲ.

ಊರಲ್ಲಿ ನಾಲ್ಕು ದಿನ ಮಾತಾಡಿದ್ರು. ನೆನೆಹಾಕಿದ ಮೊಸರಿನ ಉಂಡೆ ಕೆಡಬಾರದು ಅಂತ ಹೆಂಗಸರೇ ಹಂಚ್ಕೊಂಡ್ರು. ಹಮ್ದಾ ಅಜ್ಜಿ ನನ್ನ ಕೈ ಹಿಡ್ಕೊಂಡು "ನನ್ನ ಹಲ್ಲಿನ ಜೊತೆ ನಾಲಿಗೇನೂ ಬಿದ್ದುಹೋಗಬೇಕಿತ್ತು ಕಣೋ" ಅಂತ ಅತ್ರು. ಹಾಯಿಲ್ ಸೈನ್ಯದಿಂದ ಫೋನ್ ಮಾಡಿ "ನನಗೊಬ್ಬ ಅಣ್ಣ ಸಿಕ್ಕಿದ ಅಂತೆ" ಅಂತ ನಗೋಕೆ ನೋಡಿದ, ನಗು ಬರ್ಲಿಲ್ಲ ಅವನಿಗೆ.

ಎರಡು ವಾರ ಜದಾನ್ ನಮ್ಮ ಕಡೆ ಬರ್ಲಿಲ್ಲ. ತೊಟ್ಟಿ ತಳ ಕಂಡಿತು. ನಾನು ಕೊನೆ ಹನಿವರೆಗೂ ಕುರಿಗಳಿಗೆ ಕುಡಿಸಿದೆ, ಇನ್ನೊಬ್ಬ ಟ್ಯಾಂಕರ್‌ನವನನ್ನ ಕರೀಲಿಲ್ಲ.

ಹದಿನಾರನೇ ದಿನ ಬೆಳಗ್ಗೆ ಟ್ಯಾಂಕರ್ ಶಬ್ದ ಕೇಳಿಸ್ತು. ಜದಾನ್ ಇಳಿದ, ಪೈಪು ತೊಟ್ಟಿಗೆ ಬಿಟ್ಟ, ಅಲ್ಲೇ ನಿಂತ. ಮೊದಲೆಲ್ಲ ನೀರು ತುಂಬಿಸಿ ಹಾಗೇ ಹೊರಟುಬಿಡೋನು. ಅವತ್ತು ಹೊರಡ್ಲಿಲ್ಲ. ಒಳ ಬರ್ಲೂ ಇಲ್ಲ. ಗಡ್ಡ ಬೆಳೆದಿತ್ತು, ಸೊರಗಿದ್ದ.

ವಸ್ಮಿಯಾ ಚಹಾ ತಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದ್ಳು. ತಲೆ ಮೇಲೆ ಎಂದಿನ ಹಾಗೆ ವಸ್ತ್ರ ಇತ್ತು. ಹೊಸ್ತಿಲಲ್ಲಿ ನಿಂತ್ಳು. ತಟ್ಟೆ ನನ್ನ ಕೈಗೆ ಕೊಟ್ಟು, ಗಲ್ಲದ ಕೆಳಗಿನ ಪಿನ್ನು ಬಿಚ್ಚಿ, ವಸ್ತ್ರ ತೆಗೆದು ಭುಜದ ಮೇಲೆ ಹಾಕ್ಕೊಂಡ್ಳು. ನಾಲ್ಕು ವರ್ಷದಲ್ಲಿ ಅವನು ಅವಳ ಕೂದಲು ನೋಡಿರ್ಲಿಲ್ಲ. ಎರಡು ಜಡೆ, ಅಮ್ಮನ ಹಾಗೇ ದಪ್ಪ. ಅವನು ಒಂದು ಸಲ ನೋಡಿ ಕಣ್ಣು ನೀರಿನ ಕಡೆ ತಿರುಗಿಸ್ಕೊಂಡ.

ಅವಳು ತಟ್ಟೆ ವಾಪಸ್ ತಗೊಂಡು ಅಂಗಳ ದಾಟಿದ್ಳು. ಅವನ ಮುಂದೆ ನಿಂತ್ಳು.

"ತಗೋ ಅಣ್ಣ," ಅಂದ್ಳು. "ಸಕ್ಕರೆ ಹಾಕಿದೀನಿ."

ಅವನು ಲೋಟ ತಗೊಂಡ. ಕುಡಿದ. ಕುರಿಗಳು ಕೂಗ್ತಿದ್ವು, ಮೇವು ಹಾಕೋ ಹೊತ್ತಾಗಿತ್ತು. ಎದ್ದು ಕೊಟ್ಟಿಗೆಗೆ ಹೋದೆ. ಬೂಸಾ ಮೂಟೆ ಕಿವಿ ಹಿಡಿದು ಎತ್ತೋಕೆ ನೋಡಿದೆ, ಮೊಣಕಾಲಿನವರೆಗೂ ಬರ್ಲಿಲ್ಲ. ಹಿಂದೆ ಹೆಜ್ಜೆ ಕೇಳಿಸ್ತು.

"ಬಿಡಿ," ಅಂದ ಜದಾನ್. ಮಾಮ ಅನ್ನೋಕೆ ಬಾಯಿ ತೆಗೆದು ನಿಂತ. ನಾನು ಕಾದೆ. "ಬಿಡಿ, ನಾನು ಎತ್ತುತೀನಿ."

ಮೂಟೆ ಬೆನ್ನಿಗೆ ಹಾಕ್ಕೊಂಡು ಕುರಿಗಳ ಕಡೆ ನಡೆದ. ನಾನು ನೆಲದ ಮೇಲೇ ಕೂತೆ.